ಕಲೆ ಯಾವುದು, ಬಣ್ಣ ಯಾವುದು

ಹೈದರಾಬಾದಿನ ಸನತ್‌ನಗರ ಕಾರ್ಖಾನೆಗಳ ಸುತ್ತ ಬೆಳೆದ ಊರು. ನಿಜಾಮರ ಕಾಲದಲ್ಲಿ, 1942ರಲ್ಲಿ, ಹೈದರಾಬಾದ್ ಆಲ್ವಿನ್ ಮೆಟಲ್ ವರ್ಕ್ಸ್ ಇಲ್ಲಿ ನೆಲೆಯೂರಿತು. ಬಸ್ಸಿನ ಬಾಡಿ, ಫ್ರಿಜ್ಜು, ಆಮೇಲೆ ಜಪಾನಿನ ಸೀಕೊ ಕಂಪನಿಯ ಜೊತೆಗೂಡಿ ಕೈಗಡಿಯಾರ: ಆ ಹೆಸರು ಹೊತ್ತ ಒಂದೊಂದು ವಸ್ತುವೂ ತನ್ನ ಪಕ್ಕದ ವಸ್ತುವಿನ ಹಾಗೇ ಇರಬೇಕಿತ್ತು. ಒಂದು ಬಾಗಿಲಿಗೂ ಇನ್ನೊಂದು ಬಾಗಿಲಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಅದು ದೋಷ. ಒಂದೇ ಅಳತೆ, ಒಂದೇ ಬಣ್ಣ, ಒಂದೇ ಅಚ್ಚು. ಸಾವಿರಾರು ಸಂಸಾರಗಳು ಈ ಶಿಸ್ತಿನಿಂದ ಅನ್ನ ಉಂಡಿವೆ. ಆ ಶಿಸ್ತಿನ ಮೇಲೆ ನನಗೆ ಗೌರವವಿದೆ.

ಹಾಗೆ ಅನ್ನ ಹುಡುಕಿಕೊಂಡು ಬಂದವರಲ್ಲಿ ಬೀದರ, ಕಲಬುರಗಿ, ರಾಯಚೂರಿನ ಕಡೆಯ ಕನ್ನಡದವರೂ ಇದ್ದರು. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ವಾಡಿಯಿಂದ ಬರುವ ರೈಲುಹಳಿ ಇಂದಿಗೂ ಲಿಂಗಂಪಲ್ಲಿ ದಾಟಿ, ಸನತ್‌ನಗರದ ಸ್ಟೇಷನ್ನಿನ ಮೇಲೆ ಹಾದು ಸಿಕಂದರಾಬಾದು ಸೇರುತ್ತದೆ. ಇಎಸ್‌ಐ ಆಸ್ಪತ್ರೆಯ ಆಚೀಚೆ, ಮನೆ ನಂಬರಿನ ಮುಂದೆ ಎಸ್‌ಆರ್‌ಟಿ ಎಂದು ಬರೆದಿರುವ ಹಳೆಯ ಕ್ವಾರ್ಟರ್ಸ್ ಸಾಲುಗಳಲ್ಲಿ, ಹೊರಗೆ ತೆಲುಗು, ಉರ್ದು ಆಡಿ ಒಳಗೆ ಕನ್ನಡ ಆಡುವ ಮನೆಗಳು ಈಗಲೂ ಸಿಗುತ್ತವೆ. ಆ ಮನೆಗಳ ಟ್ರಂಕುಗಳಲ್ಲಿ ಫೋಟೊಗಳಿವೆ. ಈಗ ಆ ಫೋಟೊಗಳು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಮಲಗುತ್ತಿವೆ.

ಅದಕ್ಕೆ ಕಾರಣವೂ ಇದೆ. 2000ದ ಆಗಸ್ಟಿನಲ್ಲಿ ಒಮ್ಮೆ, 2020ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಸುರಿದ ಮಳೆ ಈ ನಗರದ ಎಷ್ಟೋ ಮನೆಗಳಿಗೆ ನೀರು ನುಗ್ಗಿಸಿತು. ನೆನೆದ ಆಲ್ಬಮ್ ಒಣಗುವಾಗ ಒಂದು ಫೋಟೊ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಒಬ್ಬರ ಮುಖ ಇನ್ನೊಬ್ಬರ ಬೆನ್ನಿಗೆ ಹತ್ತಿಕೊಂಡು ಬರುತ್ತದೆ. ನೀರು ಬಾರದ ಮನೆಯಲ್ಲೂ ಕಾಲ ತನ್ನ ಕೆಲಸ ಮಾಡುತ್ತಿರುತ್ತದೆ. ಎಂಬತ್ತರ ದಶಕದಲ್ಲಿ ಬಂದ, ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಆಲ್ಬಮ್‌ಗಳು ಫೋಟೊವನ್ನು ಹಿಂದಿನಿಂದಲೇ ಹಳದಿ ಮಾಡಿವೆ. ಮಕ್ಕಳು ದೂರದ ಊರುಗಳಲ್ಲಿದ್ದಾರೆ, ಎಲ್ಲರಿಗೂ ಒಂದೊಂದು ಪ್ರತಿ ಬೇಕು. ಹಾಗಾಗಿ ಸ್ಕ್ಯಾನ್ ಮಾಡಬೇಕಾದ್ದೇ.

ನಮ್ಮ ಬೀದಿಯ ಕೆಲವು ಮನೆಗಳಿಗೆ ನಾನು ಈ ಕೆಲಸ ಮಾಡಿಕೊಡುತ್ತೇನೆ. ಪೋಸ್ಟ್‌ಕಾರ್ಡ್ ಸೈಜಿನ ಫೋಟೊಗಳನ್ನು ಗಾಜಿನ ಮೇಲೆ ನಾಲ್ಕು ನಾಲ್ಕಾಗಿ ಇಟ್ಟು ಇಂಚಿಗೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡುವುದು. ಮೂರೂವರೆ ಇಂಚು ಅಗಲ, ಐದು ಇಂಚು ಉದ್ದದ ಒಂದು ಫೋಟೊ ಆಗ 63 ಲಕ್ಷ ಚುಕ್ಕೆಗಳಾಗುತ್ತದೆ. ಮುಂದಿನದು ಉಚಿತ ತಂತ್ರಾಂಶದ ಕೆಲಸ. 1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದ ಗಿಂಪ್ ಇದೆ. ನಾಲ್ಕು ಫೋಟೊಗಳ ಹಾಳೆಯನ್ನು ನಾಲ್ಕು ಫೈಲಾಗಿ ಕತ್ತರಿಸಿ, ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡುವ ಪ್ಲಗಿನ್ನುಗಳು ಅದಕ್ಕಿವೆ. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿದ್ದ ಜಾನ್ ಕ್ರಿಸ್ಟಿ 1987ರಲ್ಲಿ ಬರೆಯತೊಡಗಿದ ಇಮೇಜ್‌ಮ್ಯಾಜಿಕ್ ಇದೆ. ಅದಕ್ಕೆ ಕಿಟಕಿ, ಗುಂಡಿಗಳ ಹಂಗಿಲ್ಲ, ಒಂದು ಸಾಲು ಬರೆದರೆ ಫೋಲ್ಡರಿನಲ್ಲಿರುವ ಅಷ್ಟೂ ಚಿತ್ರಗಳ ಮೇಲೆ ಅದೇ ಕ್ರಿಯೆ ನಡೆಸುತ್ತದೆ. ಡಿಜಿಕ್ಯಾಮ್ ಇದೆ, ಕೆಲಸಗಳನ್ನು ಸರದಿಯಲ್ಲಿ ನಿಲ್ಲಿಸಿ ಮಾಡಿಸುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಹೊತ್ತಿಗೆ ಸಾವಿರ ಫೋಟೊ ನೆಟ್ಟಗಾಗಿ, ಬೆಳಗಾಗಿ, ಹೆಸರು ಹೊತ್ತು ಕೂತಿರುತ್ತವೆ.

ಇದನ್ನು ನಾನು ಸಣ್ಣದೆನ್ನುವುದಿಲ್ಲ. ಕೈಯಲ್ಲಿ ಒಂದೊಂದನ್ನೇ ತಿದ್ದುತ್ತೇನೆಂದು ಹೊರಟವರ ಫೋಟೊಗಳು ಟ್ರಂಕಿನಲ್ಲೇ ಉಳಿದಿವೆ. ಒಟ್ಟಿಗೆ ಮಾಡುವ ವಿದ್ಯೆ ಇಲ್ಲದಿದ್ದರೆ ಬಡಮನೆಯ ಫೋಟೊ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅರಮನೆಯ ಫೋಟೊಗಳಿಗೆ ಸಂಸ್ಥೆಗಳಿವೆ, ತಜ್ಞರಿದ್ದಾರೆ. ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್‌ದಯಾಳರ ಗಾಜಿನ ನೆಗೆಟಿವ್‌ಗಳು ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿ ಸಾವಿರಗಟ್ಟಲೆ ಜೋಪಾನವಾಗಿವೆ. ಆಲ್ವಿನ್‌ನ ಫಿಟ್ಟರ್ ಒಬ್ಬರ ಮದುವೆಯ ಫೋಟೊಗೆ ಅಂಥ ಭಾಗ್ಯವಿಲ್ಲ. ಅದಕ್ಕಿರುವುದು ಮೊಮ್ಮಗನ ಹಳೆಯ ಲ್ಯಾಪ್‌ಟಾಪು, ಈ ಉಚಿತ ತಂತ್ರಾಂಶ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಸಾವಿರ ಮುಖಗಳಿಗೆ ಒಂದೇ ಆಜ್ಞೆ ಕೊಟ್ಟಾಗ, ಆ ಆಜ್ಞೆ ಆ ಮುಖಗಳ ಬಗ್ಗೆ ಏನು ತಿಳಿದುಕೊಂಡಿರುತ್ತದೆ? ಯಾವುದನ್ನು ಕೊಳೆ ಎಂದುಕೊಳ್ಳುತ್ತದೆ, ಯಾವುದನ್ನು ಚಿತ್ರ ಎಂದುಕೊಳ್ಳುತ್ತದೆ?

ಗಿಂಪ್‌ನಲ್ಲಿ ತಾನಾಗಿಯೇ ಬಣ್ಣ ಸರಿಪಡಿಸುವ ಒಂದು ಆಯ್ಕೆಯಿದೆ. ಬಿಳಿಯನ್ನು ಬಿಳಿಯಾಗಿಸಿ ಮಿಕ್ಕ ಬಣ್ಣಗಳನ್ನು ಅದಕ್ಕೆ ಹೊಂದಿಸುವುದು ಅದರ ಉದ್ದೇಶ. ಅದು ಮಾಡುವುದಿಷ್ಟು: ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಒಂದೊಂದರಲ್ಲೂ ತೀರಾ ಕಪ್ಪಿನ ತುದಿಯಲ್ಲಿರುವ ಶೇ. 0.05ರಷ್ಟು, ತೀರಾ ಬೆಳಕಿನ ತುದಿಯಲ್ಲಿರುವ ಶೇ. 0.05ರಷ್ಟು ಚುಕ್ಕೆಗಳನ್ನು ಲೆಕ್ಕದಿಂದ ಬಿಡುತ್ತದೆ. ಉಳಿದದ್ದನ್ನು ಎರಡೂ ಕಡೆ ಹಿಡಿದು ಪೂರ್ತಿ ಉದ್ದಕ್ಕೆ ಎಳೆಯುತ್ತದೆ. ಮೂರೂ ಬಣ್ಣ ಸಮವಾಗಿ ಹರಡಿಕೊಂಡರೆ ಚಿತ್ರ ಸರಿಹೋಯಿತೆಂದು ಅದರ ನಂಬಿಕೆ. ಎಷ್ಟೋ ಸಲ ಆ ನಂಬಿಕೆ ನಿಜವೂ ಆಗುತ್ತದೆ. ಎಪ್ಪತ್ತು, ಎಂಬತ್ತರ ದಶಕಗಳ ಬಣ್ಣದ ಫೋಟೊಗಳಲ್ಲಿ ನೀಲಿ-ಹಸಿರಿನ ಬಣ್ಣದ್ರವ್ಯ ಕತ್ತಲೆಯಲ್ಲಿಟ್ಟರೂ ಉಳಿದವುಗಳಿಗಿಂತ ಬೇಗ ಸವೆಯುತ್ತಿತ್ತು. ಅದಕ್ಕೇ ಆ ಕಾಲದ ಮದುವೆಗಳೆಲ್ಲ ಇಂದು ಕೆಂಪು ಸಂಜೆಯಲ್ಲಿ ನಡೆದಂತೆ ಕಾಣುತ್ತವೆ. ಈ ಎಳೆತ ಆ ಕೆಂಪನ್ನು ಒಂದೇ ಕ್ಷಣದಲ್ಲಿ ತೊಳೆದುಬಿಡುತ್ತದೆ.

ಎಂಬತ್ತರ ದಶಕದಲ್ಲಿ ಭಾಲ್ಕಿಯಲ್ಲಿ ಮದುವೆಯಾಗಿ ಸನತ್‌ನಗರಕ್ಕೆ ಬಂದ ಆಯಿಯೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಅವರ ಅರಿಷಿಣದ ಶಾಸ್ತ್ರದ ಫೋಟೊ ಒಂದಿದೆ: ಅಂಗಳದ ಮಣೆ, ಸುತ್ತ ಐದು ಜನ ಮುತ್ತೈದೆಯರು, ಮುಖ ಕೈ ಸೀರೆ ಎಲ್ಲ ಅರಿಷಿಣ. ಕಾಲ ಅದರ ಮೇಲೆ ತನ್ನ ಕೆಂಪನ್ನೂ ಬಳಿದಿದೆ. ಸ್ಕ್ಯಾನ್ ಆದ ಹಾಗೇ ಒಂದು ಪ್ರತಿ, ತಾನಾಗಿ ಸರಿಪಡಿಸಿದ್ದು ಒಂದು ಪ್ರತಿ, ಎರಡನ್ನೂ ಅಚ್ಚುಹಾಕಿ ಅವರ ಮುಂದಿಟ್ಟೆ. ಎರಡನೆಯದರಲ್ಲಿ ಗೋಡೆ ಬೆಳ್ಳಗಿದೆ, ಸೀರೆ ಕೆನೆಬಣ್ಣವಾಗಿದೆ, ಮದುಮಗಳ ಮುಖ ಪೌಡರು ಬಳಿದಂತೆ ತಿಳಿಯಾಗಿದೆ. ಆಯಿ ಕನ್ನಡಕ ಸರಿಸಿಕೊಂಡು ಬಹಳ ಹೊತ್ತು ನೋಡಿದರು. "ಇದು ಛಲೋ ಅದ ಖರೆ. ಆದ್ರ ಅರಿಷಿಣ ಎಲ್ಲಿ ಹೋಯ್ತೋ ಯಪ್ಪಾ? ಅವತ್ತ ನಾ ಇಷ್ಟ ಬೆಳ್ಳಗ ಇದ್ದಿಲ್ಲ" ಅಂದರು. ಆಮೇಲೆ ಮೊದಲನೆಯ ಪ್ರತಿಯ ಮೇಲೆ ಬೆರಳಿಟ್ಟು, ಅರಿಷಿಣ ಹಚ್ಚುತ್ತಿರುವ ಕೈ ತಮ್ಮ ಸೋದರತ್ತೆಯದೆಂದು ಹೇಳಿದರು. ಆ ಸೋದರತ್ತೆಯ ಮುಖ ಚೌಕಟ್ಟಿನಿಂದ ಹೊರಗಿದೆ. ಫೋಟೊದಲ್ಲಿರುವುದು ಬಳೆ ತುಂಬಿದ ಕೈ ಮಾತ್ರ. ಬೇರೆ ಯಾವ ಫೋಟೊದಲ್ಲೂ ಆಕೆ ಇಲ್ಲವಂತೆ.

ತಂತ್ರಾಂಶ ಸುಳ್ಳು ಹೇಳಲಿಲ್ಲ. ತನ್ನ ಲೆಕ್ಕವನ್ನು ಸರಿಯಾಗಿಯೇ ಮಾಡಿತು. ಚಿತ್ರದಲ್ಲಿ ಹಳದಿ ಹೆಚ್ಚಾಗಿತ್ತು, ನೀಲಿ ಕಡಿಮೆಯಿತ್ತು. ನೀಲಿಯನ್ನು ಎಳೆದು ಸಮ ಮಾಡಿತು. ಕಾಲ ಬಳಿದ ಕೆಂಪು, ಸೋದರತ್ತೆ ಬಳಿದ ಹಳದಿ ಎರಡೂ ಅದಕ್ಕೆ ಒಂದೇ ಜಾತಿಯ ಅಂಕೆಗಳು. ಒಂದು ಸವೆತ, ಇನ್ನೊಂದು ಸಂಭ್ರಮ ಎಂಬುದು ಅಂಕೆಯೊಳಗೆ ಬರೆದಿರುವುದಿಲ್ಲ. ಅದನ್ನು ಬಲ್ಲದ್ದು ಆಯಿಯ ನೆನಪು. ಕಲೆ ಯಾವುದು, ಬಣ್ಣ ಯಾವುದು ಎಂಬ ತೀರ್ಪು ಚಿತ್ರದ ಒಳಗಿಲ್ಲ, ಚಿತ್ರವನ್ನು ಬದುಕಿದವರಲ್ಲಿದೆ. ಈ ಕೆಲಸ ನನಗೆ ಕಲಿಸಿದ ಮುಖ್ಯ ಮಾತು ಇದು.

ಇದಕ್ಕಿಂತ ಕಟುವಾದ ಉದಾಹರಣೆಯೊಂದಿದೆ. ನೆಗೆಟಿವ್ ಸ್ಕ್ಯಾನ್ ಮಾಡುವ ಒಳ್ಳೆಯ ಯಂತ್ರಗಳಲ್ಲಿ ಧೂಳು ತೆಗೆಯಲು ಅವಕೆಂಪು ಬೆಳಕು ಬಳಸುತ್ತಾರೆ. ಬಣ್ಣದ ಫಿಲ್ಮಿನ ಬಣ್ಣದ್ರವ್ಯದೊಳಗಿಂದ ಆ ಬೆಳಕು ಸಲೀಸಾಗಿ ಹಾಯುತ್ತದೆ, ಧೂಳು ಗೀರುಗಳಲ್ಲಿ ಮಾತ್ರ ತಡೆಯುತ್ತದೆ. ತಡೆದ ಜಾಗವನ್ನು ಯಂತ್ರ ಅಕ್ಕಪಕ್ಕದ ಬಣ್ಣದಿಂದ ತುಂಬುತ್ತದೆ. ಆದರೆ ಹಳೆಯ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಮೂಡಿರುವುದೇ ಬೆಳ್ಳಿಯ ಕಣಗಳಿಂದ. ಬೆಳ್ಳಿ ಅವಕೆಂಪು ಬೆಳಕನ್ನು ತಡೆಯುತ್ತದೆ. ಅಂದರೆ ಆ ಯಂತ್ರದ ಕಣ್ಣಿಗೆ ಅಜ್ಜನ ಮುಖವೇ ಧೂಳು. ಒಂದು ಪೀಳಿಗೆಯ ಫೋಟೊಗಳಿಗೆ ಉಪಕಾರಿಯಾದ ಆಜ್ಞೆ ಅದರ ಹಿಂದಿನ ಪೀಳಿಗೆಯನ್ನು ಅಳಿಸಲು ಹೊರಡುತ್ತದೆ. ಅದಕ್ಕೇ ಅಂಥ ಫಿಲ್ಮಿಗೆ ಆ ಸೌಲಭ್ಯ ಬಳಸಬೇಡಿರೆಂದು ಬಲ್ಲವರು ಹೇಳುತ್ತಾರೆ.

ಹಾಗಾದರೆ ಬಿಳಿಯೆಂದು ಖಚಿತವಾಗಿ ಗೊತ್ತಿರುವ ಒಂದನ್ನು ಹಿಡಿದು ಉಳಿದದ್ದನ್ನು ತಿದ್ದೋಣವೇ? ಫೋಟೊದ ಅಂಚಿನ ಬಿಳಿ ಪಟ್ಟಿ ಕಾಗದ ಎಷ್ಟು ಹಳದಿಯಾಗಿದೆ ಎಂಬುದನ್ನಷ್ಟೇ ಹೇಳುತ್ತದೆ. ಬಣ್ಣದ್ರವ್ಯ ಎಷ್ಟು ಸವೆದಿದೆ ಎಂದು ಹೇಳಲಾರದು, ಏಕೆಂದರೆ ಅಲ್ಲಿ ಬಣ್ಣವೇ ಇರಲಿಲ್ಲ. ಹಿರಿಯರ ಧೋತರ, ರುಮಾಲು ಹಿಡಿಯೋಣವೆಂದರೆ, ನಮ್ಮ ಕಡೆ ಬಿಳಿ ಬಟ್ಟೆಗೆ ನೀಲಿ ಹಾಕಿ ಒಗೆಯುತ್ತಿದ್ದರು. ಆ ಧೋತರವನ್ನು ಶುದ್ಧ ಬಿಳಿಯಾಗಿಸಿದರೆ ಉಟ್ಟವರ ಮುಖಕ್ಕೆ ಕಾಮಾಲೆ ಹತ್ತುತ್ತದೆ. ಮುಖವನ್ನೇ ಹಿಡಿಯೋಣವೆಂದರೆ, ಯಾರ ಮುಖದ ಬಣ್ಣ ಸರಿಯಾದ ಬಣ್ಣ? ಕೊಡಾಕ್ ಕಂಪನಿ ದಶಕಗಳ ಕಾಲ ಲ್ಯಾಬುಗಳಿಗೆ ಮಾದರಿಯಾಗಿ ಕಳಿಸಿದ ಕಾರ್ಡಿನಲ್ಲಿದ್ದದ್ದು ಬಿಳಿಯ ಹೆಂಗಸೊಬ್ಬಳ ಮುಖ. ಶರ್ಲಿ ಕಾರ್ಡ್ ಎಂದೇ ಅದಕ್ಕೆ ಹೆಸರು. ಆಕೆಯ ಚರ್ಮ ಸರಿಯಾಗಿ ಕಂಡರೆ ಯಂತ್ರ ಸರಿಯಿದೆ ಎಂದು ಲೆಕ್ಕ. ಕಪ್ಪು ಚರ್ಮದವರ ಮುಖದ ರೇಖೆಗಳು ಆ ಲೆಕ್ಕದಲ್ಲಿ ಕತ್ತಲೆಯಾಗಿ ಹೋದವು. ನಮ್ಮ ಸ್ಟುಡಿಯೊಗಳಲ್ಲೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖ ತಿಳಿಯಾಗಿಸುವುದು ಕೆಲಸದ ಭಾಗವೇ ಆಗಿತ್ತು. ನಮ್ಮ ಕೈಗೆ ಬಂದಿರುವ ಮೂಲ ಫೋಟೊ ಕೂಡ ಯಾರದೋ ಒಂದು ತೀರ್ಪಿನ ಮೂಲಕ ಹಾದು ಬಂದಿದೆ. ಆದರೂ ಅದು ಆ ಮನೆಯವರು ನಲವತ್ತು ವರ್ಷ ಗೋಡೆಯ ಮೇಲೆ ನೋಡಿ ನೋಡಿ ತಮ್ಮದೆಂದುಕೊಂಡ ಚಿತ್ರ. ಮೂಲಕ್ಕೆ ನಾನು ಕೊಡುವ ಮರ್ಯಾದೆ ಆ ಒಡನಾಟಕ್ಕೆ ಕೊಡುವ ಮರ್ಯಾದೆ.

ಆಯಿಯ ಫೋಟೊಗೆ ದಾರಿ ಸಿಕ್ಕಿತು. ದಾರಿ ಅವರದೇ ಆಲ್ಬಮ್ಮಿನಲ್ಲಿತ್ತು. ಅದೇ ರೋಲಿನಲ್ಲಿ, ಅದೇ ಲ್ಯಾಬಿನಲ್ಲಿ ತೊಳೆಸಿದ ಮರುದಿನದ ಫೋಟೊಗಳಿದ್ದವು. ಸುಣ್ಣದ ಗೋಡೆ, ಸಿಮೆಂಟಿನ ಕಂಬ, ಸ್ಟೀಲಿನ ತಂಬಿಗೆ, ಅರಿಷಿಣವಿಲ್ಲದ ಮುಖಗಳು. ಒಂದೇ ಕಾಗದದ ಮೇಲೆ ಒಂದೇ ದಿನ ಮೂಡಿ, ಒಂದೇ ಆಲ್ಬಮ್ಮಿನಲ್ಲಿ ಒಂದೇ ಕತ್ತಲೆಯಲ್ಲಿ ಇದ್ದ ಆ ಫೋಟೊಗಳು ಸವೆದದ್ದೂ ಹೆಚ್ಚುಕಡಿಮೆ ಒಂದೇ ರೀತಿ. ಅವುಗಳಲ್ಲೊಂದನ್ನು ಆಯಿಯ ಎದುರಿಗೇ ಕೂತು ಕೈಯಿಂದ ತಿದ್ದಿ, ಆ ತಿದ್ದುಪಡಿಯನ್ನು ಉಳಿಸಿಟ್ಟುಕೊಂಡು, ಅದನ್ನೇ ಅರಿಷಿಣದ ಫೋಟೊಗೆ ಹಚ್ಚಿದಾಗ ಕೆಂಪು ಇಳಿಯಿತು, ಹಳದಿ ನಿಂತಿತು. ಗಿಂಪ್‌ನಲ್ಲಿ ಲೆವೆಲ್ಸ್, ಕರ್ವ್ಸ್ ಹೊಂದಿಕೆಗಳನ್ನು ಹೆಸರು ಕೊಟ್ಟು ಉಳಿಸಬಹುದು. ಇಮೇಜ್‌ಮ್ಯಾಜಿಕ್‌ನಲ್ಲಿ ಒಂದು ಬಣ್ಣದ ನಕ್ಷೆ ಮಾಡಿಕೊಂಡು ಇಡೀ ಫೋಲ್ಡರಿಗೆ ಹಚ್ಚಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ತಾನಾಗಿ ಸರಿಪಡಿಸುವ ಆಜ್ಞೆಯನ್ನು ಸಾವಿರ ಫೋಟೊಗಳಿಗೆ ಕೊಟ್ಟರೆ ಎಲ್ಲಕ್ಕೂ ಒಂದೇ ನ್ಯಾಯ ಸಿಕ್ಕಿತೆಂದು ತೋರುತ್ತದೆ. ನಿಜದಲ್ಲಿ ಪ್ರತಿ ಫೋಟೊವೂ ಒಂಟಿಯಾಗಿ ಯಂತ್ರದ ಮುಂದೆ ನಿಲ್ಲುತ್ತದೆ. ಅದರ ಅಕ್ಕತಂಗಿಯರಾದ ಫೋಟೊಗಳ ಸಾಕ್ಷಿಯನ್ನು ಯಂತ್ರ ಕೇಳುವುದಿಲ್ಲ, ಫೋಟೊ ತನ್ನೊಳಗಿನ ಅಂಕೆಗಳಿಂದಲೇ ತನ್ನ ತೀರ್ಪು ಪಡೆದು ಮುಂದೆ ಹೋಗುತ್ತದೆ. ಒಂದು ರೋಲಿನ ಫೋಟೊಗಳಿಗೆಲ್ಲ ಒಂದೇ ತಿದ್ದುಪಡಿ ಹಚ್ಚುವುದು ಇದಕ್ಕೆ ತೀರಾ ಬೇರೆ. ಅಲ್ಲಿ ಅವು ಒಂದು ಕುಟುಂಬವಾಗಿ ಬರುತ್ತವೆ, ಒಂದಕ್ಕೆ ಗೊತ್ತಿಲ್ಲದ್ದನ್ನು ಇನ್ನೊಂದು ಹೇಳುತ್ತದೆ. ಒಟ್ಟಿಗೆ ಮಾಡುವುದರಲ್ಲಿ ತಪ್ಪಿಲ್ಲ. ಯಾವುದು ಯಾವುದರ ಜೊತೆಗೆ ಸೇರಬೇಕು ಎಂಬುದನ್ನು ನೋಡದೆ ಒಟ್ಟು ಮಾಡುವುದರಲ್ಲಿ ತಪ್ಪಿದೆ. ನೋಡಬೇಕಾದರೆ ಒಂದೊಂದು ಫೋಟೊವನ್ನೂ ಕೈಯಲ್ಲಿ ಹಿಡಿಯಲೇಬೇಕು. ಕಾಗದ ನುಣುಪೋ, ಜೇನುಗೂಡಿನಂಥ ಉಬ್ಬುಚುಕ್ಕೆಗಳ ಸಿಲ್ಕ್ ಕಾಗದವೋ? ಚೌಕಾಕಾರದ ಪ್ರತಿಯಾದರೆ ಆಗ್ಫಾ ಕ್ಲಿಕ್ 3ರಂಥ ಕ್ಯಾಮೆರಾದ್ದಿರಬಹುದು, ಆ ಫಿಲ್ಮಿನ ಒಂದು ರೋಲಿಗೆ 12 ಚಿತ್ರ, ಉಳಿದವು ಎಲ್ಲಿ? ಕಪ್ಪು-ಬಿಳುಪು ಪ್ರತಿ ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನ ಇಂದು ಕಾಗದದ ಮೇಲಿದೆಯೋ, ಅದಕ್ಕೂ ಹಿಂದಿನದೋ? ಯಂತ್ರಕ್ಕೆ ಕೊಡುವ ಮೊದಲು ನಡೆಯುವ ಈ ವಿಂಗಡಣೆಯೇ ಕೆಲಸದ ಬಹುಪಾಲು. ಯಂತ್ರದ ಪಾಲು ಆಮೇಲಿನದು, ಚಿಕ್ಕದು.

ವಿಂಗಡಿಸುವಾಗ ಫೋಟೊ ಮಗುಚಿ ನೋಡುತ್ತೇವೆ. ಈ ಊರಿನ ಮಟ್ಟಿಗೆ ಫೋಟೊದ ಬೆನ್ನು ಒಂದು ದೊಡ್ಡ ಪುಸ್ತಕ. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳಲ್ಲಿ ಶಾಲೆಯ ಓದು, ಕಚೇರಿಯ ಬರಹ ಬಹುಪಾಲು ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಆಡಿ, ಬರೆಯಲು ಕೂತರೆ ಉರ್ದು ಲಿಪಿಯೇ ಕೈಗೆ ಬರುವ ಒಂದು ತಲೆಮಾರೇ ಇತ್ತು. ಅವರು ತಮ್ಮ ತಂಗಿಯ ಹೆಸರು, ಎತ್ತಿನ ಹೆಸರು, ಜಾತ್ರೆಯ ಹೆಸರುಗಳನ್ನು ಫೋಟೊದ ಹಿಂದೆ ಉರ್ದು ಲಿಪಿಯಲ್ಲಿ ಬರೆದಿಟ್ಟರು. ಅವರ ಮೊಮ್ಮಕ್ಕಳಿಗೆ ಆ ಲಿಪಿ ಬಾರದು. ಕೆಲವು ಬೆನ್ನುಗಳ ಮೇಲೆ ಇಸವಿಯೂ ಇರುತ್ತದೆ: 1355, 1357. ಅದು ನಿಜಾಮರ ಸರ್ಕಾರದ ಫಸಲಿ ಲೆಕ್ಕ. ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ. 1357 ಎಂದರೆ 1947ರ ಅಕ್ಟೋಬರಿನಿಂದ ಒಂದು ವರ್ಷ. ರಜಾಕಾರರ ಗದ್ದಲದಲ್ಲಿ ಊರು ಬಿಟ್ಟ ಮನೆತನಗಳಿಗೆ, ಒಂದು ಫೋಟೊ ನಿಜಾಮರ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರ್ 17ರ ಹಿಂದಿನದೋ ಮುಂದಿನದೋ ಎಂಬುದು ಸಣ್ಣ ವಿಷಯವಲ್ಲ. ಚಿತ್ರದಲ್ಲಿರುವ ಆ ವಾಡೆ, ಆ ದನದ ಕೊಟ್ಟಿಗೆ ಆಮೇಲೆ ಉಳಿಯಿತೇ ಇಲ್ಲವೇ ಎಂಬ ಪ್ರಶ್ನೆ ಅದು.

ಸ್ಕ್ಯಾನರಿಗೆ ಇದಾವುದೂ ಬೇಕಿಲ್ಲ. ಅದು ಮುಖ ಕೆಳಗೆ ಮಾಡಿದ್ದನ್ನಷ್ಟೇ ನೋಡುತ್ತದೆ, ಫೈಲಿಗೆ ಒಂದು ಕ್ರಮಸಂಖ್ಯೆ ಕೊಡುತ್ತದೆ, ತಾರೀಖಿನ ಜಾಗದಲ್ಲಿ ಸ್ಕ್ಯಾನ್ ಮಾಡಿದ ದಿನವನ್ನು ಬರೆಯುತ್ತದೆ. ಫೋನಿಗೆ ಹಾಕಿಕೊಂಡರೆ ಮುತ್ತಜ್ಜ, ಅಜ್ಜ, ಅಪ್ಪ ಮೂವರೂ ಮೊನ್ನೆ ಮಧ್ಯಾಹ್ನ ಒಟ್ಟಿಗೆ ಹುಟ್ಟಿದವರಂತೆ ಸಾಲಾಗಿ ನಿಲ್ಲುತ್ತಾರೆ. ಒಂದು ಮನೆತನ ಮೂರು ತಲೆಮಾರು ಕಾಲದಲ್ಲಿ ನಡೆದುಬಂದ ದಾರಿ ಹೀಗೆ ಸದ್ದಿಲ್ಲದೆ ಮುಚ್ಚಿಹೋಗುತ್ತದೆ. ಫಿಲ್ ಹಾರ್ವೆ ಎಂಬವರು ಬರೆದ ಎಕ್ಸಿಫ್‌ಟೂಲ್ ಎಂಬ ಉಚಿತ ಸಲಕರಣೆಯಿಂದ ಸರಿಯಾದ ಇಸವಿಯನ್ನೂ, ಕನ್ನಡದಲ್ಲೇ ಹೆಸರುಗಳನ್ನೂ ಫೈಲಿನೊಳಗೆ ಬರೆದಿಡಬಹುದು, ಇಡೀ ಫೋಲ್ಡರಿಗೆ ಒಮ್ಮೆಲೇ ಬರೆಯಬಹುದು. ಆದರೆ ಬರೆಯಲು ಹೆಸರು ಗೊತ್ತಿರಬೇಕು. ಹೆಸರು ಯಾವ ತಂತ್ರಾಂಶದೊಳಗೂ ಇಲ್ಲ.

ಇಮೇಜ್‌ಮ್ಯಾಜಿಕ್‌ನಲ್ಲಿ ಮೊಗ್ರಿಫೈ ಎಂಬ ಆಜ್ಞೆಯೊಂದಿದೆ. ಫೋಲ್ಡರಿನಲ್ಲಿರುವ ಎಲ್ಲವನ್ನೂ ಒಂದೇ ಸಾಲಿನಲ್ಲಿ ತಿದ್ದುವುದಕ್ಕೆ ಅದಕ್ಕಿಂತ ಸುಲಭವಾದದ್ದಿಲ್ಲ. ಬೇರೆ ಜಾಗ ತೋರಿಸದಿದ್ದರೆ ಅದು ತಿದ್ದಿದ್ದನ್ನು ಮೂಲ ಫೈಲಿನ ಮೇಲೆಯೇ ಬರೆಯುತ್ತದೆ. ಹಿಂದಿನದು ಇರುವುದಿಲ್ಲ. ಈ ಆಜ್ಞೆಯನ್ನು ನೆನೆದಾಗಲೆಲ್ಲ ನನಗೆ ನಮ್ಮ ಓಲೆಗರಿಗಳನ್ನು ಓದಿ ಗ್ರಂಥ ಸಂಪಾದಿಸಿದವರ ನೆನಪಾಗುತ್ತದೆ. ಮಳಖೇಡದ ನೆಲದಲ್ಲಿ ಹುಟ್ಟಿದ ಕವಿರಾಜಮಾರ್ಗವನ್ನು ಕೆ.ಬಿ. ಪಾಠಕರು 1898ರಲ್ಲಿ ಅಚ್ಚಿಗೆ ತಂದರು. ಅದು ಅಷ್ಟು ಶತಮಾನ ಉಳಿದದ್ದು ಪ್ರತಿ ಮಾಡುವವರ ಕೈಗಳಿಂದ. ಪ್ರತಿಕಾರರಲ್ಲಿ ತಿಳಿಯದೆ ತಪ್ಪು ಮಾಡಿದವರಿದ್ದರು, ತಿಳಿದವರೆಂದುಕೊಂಡು ತಿದ್ದಿದವರೂ ಇದ್ದರು. ಎರಡನೆಯವರಿಂದ ಆಗುವ ಹಾನಿ ಹೆಚ್ಚು. ಅರ್ಥವಾಗದ ಹಳೆಯ ರೂಪವನ್ನು ತಪ್ಪೆಂದು ಬಗೆದು ಅರ್ಥವಾಗುವ ಹೊಸ ರೂಪ ಬರೆದುಬಿಟ್ಟರೆ, ತಿದ್ದಿದ ಗುರುತೇ ಉಳಿಯುವುದಿಲ್ಲ. ಡಿ.ಎಲ್. ನರಸಿಂಹಾಚಾರ್ ಅವರಂಥವರು ಕನ್ನಡಕ್ಕೆ ಕಲಿಸಿದ ಗ್ರಂಥಸಂಪಾದನೆಯ ಶಿಸ್ತು ಇದಕ್ಕೆ ಉತ್ತರ: ಸಂಪಾದಕ ತನಗೆ ಸರಿ ತೋರಿದ ಪಾಠವನ್ನು ಮೇಲೆ ಇಡಬಹುದು, ಆದರೆ ಪ್ರತಿಗಳಲ್ಲಿ ಇದ್ದದ್ದನ್ನು ಅಡಿಟಿಪ್ಪಣಿಯಲ್ಲಿ ಕೊಡಲೇಬೇಕು. ನಾಳೆ ಬರುವ ಓದುಗನಿಗೆ ನಿಮ್ಮ ತೀರ್ಪನ್ನು ಒಪ್ಪದಿರುವ ಹಕ್ಕಿದೆ.

ಫೋಟೊಗೂ ಇದೇ ಶಿಸ್ತು ಸಾಧ್ಯ. ಡಾರ್ಕ್‌ಟೇಬಲ್‌ನಂಥ ತಂತ್ರಾಂಶ ಮೂಲವನ್ನು ಮುಟ್ಟುವುದೇ ಇಲ್ಲ. ಏನೇನು ತಿದ್ದಿದಿರಿ ಎಂಬುದನ್ನು ಪಕ್ಕದಲ್ಲೊಂದು ಸಣ್ಣ ಫೈಲಿನಲ್ಲಿ ಬರೆದಿಡುತ್ತದೆ. 2025ರ ಮಾರ್ಚಿನಲ್ಲಿ ಬಂದ ಗಿಂಪ್ 3.0ರಲ್ಲೂ ಹಚ್ಚಿದ ಫಿಲ್ಟರನ್ನು ಆಮೇಲೆ ತೆಗೆದುನೋಡುವ ಅವಕಾಶವಿದೆ. ಆ ಸಣ್ಣ ಫೈಲು ನನ್ನ ಪಾಲಿಗೆ ಅಡಿಟಿಪ್ಪಣಿ.

ಉಚಿತ ತಂತ್ರಾಂಶವೆಂದರೆ ಕಾಸು ಕೊಡಬೇಕಿಲ್ಲ ಎಂಬುದಷ್ಟೇ ಹಲವರಿಗೆ ಕಾಣುವ ಲಾಭ. ನನಗೆ ಅದಕ್ಕಿಂತ ಹೆಚ್ಚಿನದು ಬೇರೆ. ಗಿಂಪ್ ಎರಡು ತುದಿಯಲ್ಲಿ ಶೇ. 0.05ನ್ನು ಬಿಡುತ್ತದೆಂದು ನಾನು ಹೇಳಲು ಸಾಧ್ಯವಾದದ್ದು ಅದು ತನ್ನ ನಿಯಮವನ್ನು ಮುಚ್ಚಿಡದ ಕಾರಣ. ಇಷ್ಟವಾಗದಿದ್ದರೆ ಆ ಅಂಕೆಯನ್ನು ಬದಲಿಸುವ ಸ್ವಾತಂತ್ರ್ಯವೂ ಇದೆ. ಫೋನಿನಲ್ಲಿ ಅಂದಗೊಳಿಸು ಎಂದು ಒತ್ತಿದಾಗ ಅಜ್ಜಿಯ ಮುಖಕ್ಕೆ ಏನು ಮಾಡಿದರು ಎಂಬುದನ್ನು ಎಷ್ಟೋ ಸಲ ಯಾರೂ ಹೇಳುವುದಿಲ್ಲ. ನನ್ನ ಹಿರಿಯರ ಮುಖ ಮುಟ್ಟುವ ಕೈ ಯಾವುದೆಂದು ತಿಳಿಯುವ ಹಕ್ಕು ದೊಡ್ಡ ಹಕ್ಕು. ಆದರೆ ನಿಯಮ ತೆರೆದಿದ್ದ ಮಾತ್ರಕ್ಕೆ ಎಲ್ಲವೂ ಹಚ್ಚಲು ಯೋಗ್ಯವಲ್ಲ. ಮಸುಕಾದ ಮುಖವನ್ನು ಸ್ಪಷ್ಟ ಮಾಡುವ ಹೊಸ ಸಲಕರಣೆಗಳು ಬಂದಿವೆ, ಕೆಲವು ಉಚಿತವಾಗಿಯೇ ಸಿಗುತ್ತವೆ. ಸಾವಿರಾರು ಅಪರಿಚಿತ ಮುಖಗಳನ್ನು ನೋಡಿ ಕಲಿತ ಅವು, ಕಾಣದ ಕಣ್ಣಿನ ಜಾಗದಲ್ಲಿ ಇರಬಹುದಾದ ಕಣ್ಣನ್ನು ಬರೆಯುತ್ತವೆ. ರೆಪ್ಪೆಗಳು ಒಂದೊಂದಾಗಿ ಎಣಿಸುವಷ್ಟು ಚೊಕ್ಕ. ಆ ಕಣ್ಣು ಅಜ್ಜಿಯದಲ್ಲ. ಮಸುಕು ಇದ್ದರೆ ಇರಲಿ. ಅಲ್ಲಿ ನಮಗೆ ಕಾಣದ ಒಂದು ಮುಖವಿತ್ತು ಎಂದಾದರೂ ಅದು ಪ್ರಾಮಾಣಿಕವಾಗಿ ಹೇಳುತ್ತದೆ. ಇಡೀ ಫೋಲ್ಡರಿಗೆ ಇಂಥದ್ದನ್ನು ಹಚ್ಚುವುದನ್ನು ನಾನು ಒಪ್ಪುವುದಿಲ್ಲ.

ಇನ್ನೂ ಒಂದು ಮಾತು. ದೀನ್‌ದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಪರದೆಯಲ್ಲಿರುವ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೊ ತೆರೆದರು. ಅಲ್ಲಿ ಚಿತ್ರ ತೆಗೆಯುತ್ತಿದ್ದವರೂ ಹೆಂಗಸರೇ. ಯಾರ ಕಣ್ಣಿಗೆ ಯಾರು ಎಂಬ ಎಚ್ಚರ ಆಗ ಫೋಟೊ ತೆಗೆಯುವ ಮೊದಲೇ ಇತ್ತು. ಟ್ರಂಕಿನ ಫೋಟೊಗಳಲ್ಲೂ ಅಂಥ ಎಚ್ಚರವಿದೆ: ಬಾಣಂತಿಯ ಫೋಟೊ, ಗೋಡೆಗೆ ಒರಗಿಸಿ ಕೂರಿಸಿದ ಶವದ ಜೊತೆ ಮನೆಯವರೆಲ್ಲ ನಿಂತ ಫೋಟೊ, ಗಂಡುಕಡೆಯವರಿಗೆ ಕಳಿಸಿ ವಾಪಸು ಬಂದ ಹುಡುಗಿಯ ಫೋಟೊ. ಒಂದೇ ಒತ್ತಿಗೆ ಎಲ್ಲವೂ ಬಂಧುಬಳಗದ ವಾಟ್ಸ್ಯಾಪ್ ಗುಂಪಿಗೆ ಹೋದಾಗ ಆ ಎಚ್ಚರ ಹರಿದುಹೋಗುತ್ತದೆ. ಕಳಿಸುವ ಮೊದಲು ಆ ಫೋಟೊದಲ್ಲಿರುವವರನ್ನು, ಅವರಿಲ್ಲದಿದ್ದರೆ ಅವರ ಹತ್ತಿರದವರನ್ನು ಕೇಳಬೇಕು. ಇದಕ್ಕೆ ಯಾವ ಆಜ್ಞೆಯೂ ಇಲ್ಲ, ಬಾಯಿಬಿಟ್ಟು ಕೇಳುವುದೊಂದೇ ಇದೆ.

ನಿಮ್ಮ ಮನೆಯಲ್ಲೂ ಇಂಥ ಟ್ರಂಕಿದ್ದರೆ ಒಂದು ವಿನಂತಿ. ಸ್ಕ್ಯಾನರ್ ತರುವ ಮೊದಲು ಮನೆಯ ಅತಿ ಹಿರಿಯರ ಪಕ್ಕದಲ್ಲಿ ಕೂತು ಫೋಟೊಗಳನ್ನು ಒಂದೊಂದಾಗಿ ಅವರ ಕೈಗೆ ಕೊಡಿ. ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಹೆಸರುಗಳನ್ನು ಮೆತ್ತನೆಯ ಪೆನ್ಸಿಲಿನಿಂದ ಫೋಟೊದ ಹಿಂದೆ ಬರೆಯಿರಿ. ಬಾಲ್‌ಪೆನ್ ಬೇಡ, ಅದರ ಒತ್ತು ಮುಂದಕ್ಕೆ ಮೂಡುತ್ತದೆ. ಬೆನ್ನಿನ ಮೇಲೆ ಬರಹವಿದ್ದರೆ ಬೆನ್ನನ್ನೂ ಸ್ಕ್ಯಾನ್ ಮಾಡಿ. ಉರ್ದು ಬಲ್ಲ ನೆರೆಯವರನ್ನು ಕರೆದು ಓದಿಸಿ, ಈ ಊರಿನಲ್ಲಿ ಅವರಿಗೇನೂ ಬರವಿಲ್ಲ. ಒಂದು ರೋಲಿನವು ಒಂದು ಕಡೆ, ಒಂದು ಸ್ಟುಡಿಯೊದವು ಒಂದು ಕಡೆ ಇರಲಿ. ತಿದ್ದಿದ್ದು ಬೇರೆ ಫೋಲ್ಡರಿಗೆ ಹೋಗಲಿ, ಸ್ಕ್ಯಾನಾದದ್ದು ಹಾಗೇ ಇರಲಿ. ಕೆಲಸ ಮುಗಿಯಿತೆಂದು ಕಾಗದದ ಫೋಟೊಗಳನ್ನು ದಯವಿಟ್ಟು ಬಿಸಾಡಬೇಡಿ. ಯಂತ್ರದ ಕೆಲಸ ಒಂದು ರಾತ್ರಿಯದು, ಅದು ಮುಂದಿನ ವರ್ಷವೂ ಆದೀತು. ಹೆಸರು ಬಲ್ಲವರ ಬಳಿ ಈ ವಾರವೇ ಹೋಗಿ.